ರಾಮಮೋಹನ ರಾಯರು ಮತ್ತು ಯೇಸುವಿನ ಬೋಧೆ: ಪಠ್ಯಪುಸ್ತಕದಲ್ಲಿ ಇಲ್ಲದ ಅಧ್ಯಾಯ

ನಮ್ಮ ಶಾಲೆಗಳ ಸಮಾಜ ವಿಜ್ಞಾನದ ಪುಸ್ತಕದಲ್ಲಿ ರಾಮಮೋಹನ ರಾಯರಿಗೆ ದೊರೆಯುವುದು ಕೆಲವೇ ಸಾಲುಗಳು. ಸತಿ ಪದ್ಧತಿಯ ನಿಷೇಧ, ಬ್ರಹ್ಮ ಸಮಾಜದ ಸ್ಥಾಪನೆ, ಎರಡು ಇಸವಿ. ಅಲ್ಲಿಗೆ ಪಾಠ ಮುಗಿಯುತ್ತದೆ. ಮಕ್ಕಳು ಉತ್ತರ ಪತ್ರಿಕೆಯಲ್ಲಿ ರಾಜಾರಾಮ ಎಂದು ಒಂದೇ ಉಸಿರಿನಲ್ಲಿ ಬರೆದುಬಿಡುತ್ತಾರೆ. ರಾಜಾ ಎಂಬುದು ಅವರ ಹೆಸರಲ್ಲ, ದೆಹಲಿಯ ಮೊಗಲ್ ಬಾದಶಹ ಎರಡನೆಯ ಅಕ್ಬರನು ಕೊಟ್ಟ ಬಿರುದು ಎಂದು ನಾವು ಪ್ರತಿವರ್ಷವೂ ತಿದ್ದುತ್ತೇವೆ. ಆದರೆ ತಿದ್ದಬೇಕಾದುದು ಹೆಸರನ್ನು ಮಾತ್ರವಲ್ಲ. ಅವರ ಬಾಳಿನ ಅತ್ಯಂತ ಕಠಿಣವಾದ ವಾದವೊಂದು ನಮ್ಮ ಪಾಠದಲ್ಲಿ ಬರುವುದೇ ಇಲ್ಲ. ಆ ವಾದ ನಡೆದದ್ದು ಹಿಂದೂ ಪಂಡಿತರೊಡನೆ ಅಲ್ಲ, ಕ್ರೈಸ್ತ ಪಾದ್ರಿಗಳೊಡನೆ. ಯೇಸು ದೇವರೇ, ದೇವರು ಕಳುಹಿಸಿದವನೇ ಎಂಬುದು ಅದರ ಒಂದು ಮುಖ. ಶಾಸ್ತ್ರಗ್ರಂಥದಲ್ಲಿ ಎಲ್ಲ ಮಾತಿಗೂ ಒಂದೇ ತೂಕವೇ ಎಂಬುದು ಇನ್ನೊಂದು ಮುಖ. ಹಿಂದೂ, ಮುಸ್ಲಿಂ, ಕ್ರೈಸ್ತ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕನ್ನಡ ಓದುವ ಗಡಿನಾಡಿನ ಮನೆಗಳಿಗೆ ಈ ಅಧ್ಯಾಯ ತಿಳಿದಿರಬೇಕೆಂದು ಇಲ್ಲಿ ಬರೆಯುತ್ತಿದ್ದೇವೆ.

ಹಲವು ಭಾಷೆಗಳ ಬಾಲ್ಯ

ರಾಮಮೋಹನರು ಬಂಗಾಳದ ಹೂಗ್ಲಿ ಸೀಮೆಯ ರಾಧಾನಗರದಲ್ಲಿ ಹುಟ್ಟಿದರು. ಜನ್ಮವರ್ಷ 1772 ಎಂದು ಹಲವರು, 1774 ಎಂದು ಕೆಲವರು ಗಣಿಸುತ್ತಾರೆ. ತಂದೆ ರಮಾಕಾಂತರದು ವೈಷ್ಣವ ಮನೆತನ. ತಾಯಿ ತಾರಿಣಿದೇವಿಯ ತವರು ಶಾಕ್ತರದು. ಪಾರಸಿ ಮತ್ತು ಅರಬ್ಬಿ ಕಲಿಯಲು ಪಾಟ್ನಾಕ್ಕೂ ಸಂಸ್ಕೃತ ಕಲಿಯಲು ಕಾಶಿಗೂ ಅವರನ್ನು ಕಳುಹಿಸಲಾಯಿತು ಎಂದು ಚರಿತ್ರಕಾರರು ಹೇಳುತ್ತಾರೆ. ಅಂದಿನ ಬಂಗಾಳದಲ್ಲಿ ಸರಕಾರಿ ಕೆಲಸಕ್ಕೆ ಪಾರಸಿ ಬೇಕು, ಶಾಸ್ತ್ರಕ್ಕೆ ಸಂಸ್ಕೃತ ಬೇಕು, ಮನೆಯ ಮಾತು ಬಂಗಾಳಿ. ಗಡಿನಾಡಿನ ಮಗುವಿಗೆ ಈ ಸ್ಥಿತಿ ಹೊಸದೇನೂ ಅಲ್ಲ.

1803-04ರ ಸುಮಾರಿಗೆ ಅವರ ಮೊದಲ ಗ್ರಂಥ ಪ್ರಕಟವಾಯಿತು. ಏಕದೇವತಾವಾದಿಗಳಿಗೆ ಒಂದು ಕಾಣಿಕೆ ಎಂಬ ಅರ್ಥದ ಹೆಸರನ್ನು ಹೊತ್ತ ತುಹ್ಫತ್-ಉಲ್-ಮುವಹ್ಹಿದೀನ್ ಎಂಬ ಆ ಪುಸ್ತಕವು ಪಾರಸಿಯಲ್ಲಿದ್ದು, ಅದಕ್ಕೆ ಅರಬ್ಬಿಯಲ್ಲಿ ಮುನ್ನುಡಿಯಿತ್ತು. ದೇವರೊಬ್ಬನೇ ಎಂಬುದು ಎಲ್ಲ ಮತಗಳ ಸಮಾನ ಆಧಾರ, ಅದರ ಮೇಲೆ ಪುರೋಹಿತರು ಕಟ್ಟಿದ್ದು ಬೇರೆಬೇರೆ ಎಂಬುದು ಅದರ ಸಾರ. ಮುಂದಿನ ಮೂವತ್ತು ವರ್ಷ ಅವರು ಆಡಿದ ಮಾತೆಲ್ಲ ಈ ಬೀಜದಿಂದಲೇ ಬೆಳೆಯಿತು.

ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾನ್ ಡಿಗ್ಬಿಯ ಕೈಕೆಳಗೆ ರಂಗಪುರ ಮೊದಲಾದೆಡೆ ಕೆಲಸ ಮಾಡುತ್ತ ಅವರು ಇಂಗ್ಲಿಷನ್ನು ಚೆನ್ನಾಗಿ ಕಲಿತರು. 1815ರ ಹೊತ್ತಿಗೆ ಕಲ್ಕತ್ತೆಯಲ್ಲಿ ನೆಲೆಸಿ ಆತ್ಮೀಯ ಸಭೆಯನ್ನು ಆರಂಭಿಸಿದರು. ಅಲ್ಲಿಂದ ನಾಲ್ಕೈದು ವರ್ಷಗಳಲ್ಲಿ ವೇದಾಂತದ ಸಾರವನ್ನೂ ಕೇನ, ಈಶ, ಕಠ, ಮುಂಡಕ, ಮಾಂಡೂಕ್ಯ ಉಪನಿಷತ್ತುಗಳನ್ನೂ ಬಂಗಾಳಿಗೆ ತಂದರು. ಪಂಡಿತರು ಸಿಟ್ಟಾದರು. ಶ್ರುತಿಯನ್ನು ಆಡುಮಾತಿಗೆ ಇಳಿಸಿದ್ದು ಅವರ ದೃಷ್ಟಿಯಲ್ಲಿ ಅಪರಾಧ. ರಾಮಮೋಹನರಿಗೆ ಅದೇ ಉದ್ದೇಶ. ಜನರು ತಮ್ಮ ಶಾಸ್ತ್ರವನ್ನು ತಾವೇ ಓದಿದರೆ, ಶಾಸ್ತ್ರದಲ್ಲಿ ಏನಿದೆ, ಅದರ ಹೆಸರಿನಲ್ಲಿ ನಡೆಯುತ್ತಿರುವುದೇನು ಎಂಬ ವ್ಯತ್ಯಾಸ ಅವರಿಗೇ ಕಾಣುತ್ತದೆ ಎಂಬುದು ಅವರ ನಂಬಿಕೆ. ಇದಕ್ಕೆ ಅವರು ತೆತ್ತ ಬೆಲೆಯೂ ಸಣ್ಣದಲ್ಲ. ಸ್ವಂತ ತಾಯಿಯೇ ಅವರಿಂದ ದೂರವಾದರು. ಆಸ್ತಿಯ ವ್ಯಾಜ್ಯವು ಮನೆಯೊಳಗಿನಿಂದಲೇ ನ್ಯಾಯಾಲಯಕ್ಕೆ ಹೋಯಿತು.

ಒಂದು ಸಣ್ಣ ಪುಸ್ತಕ, ದೊಡ್ಡ ಬಿರುಗಾಳಿ

ಉಪನಿಷತ್ತಿಗೆ ಮಾಡಿದ್ದನ್ನೇ ರಾಮಮೋಹನರು 1820ರಲ್ಲಿ ಬೈಬಲ್ಲಿಗೂ ಮಾಡಿದರು. ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ಕು ಸುವಾರ್ತೆಗಳಿಂದ ಯೇಸುವಿನ ಬೋಧೆಗಳನ್ನು ಆರಿಸಿ, ಶಾಂತಿ ಮತ್ತು ಸುಖಕ್ಕೆ ಮಾರ್ಗದರ್ಶಿ ಎಂಬ ಅರ್ಥದ ಹೆಸರಿನೊಡನೆ ಒಂದು ಪುಸ್ತಕವಾಗಿ ಅಚ್ಚು ಹಾಕಿಸಿದರು. ಪರ್ವತಪ್ರಸಂಗ ಅದರಲ್ಲಿತ್ತು, ಸಾಮ್ಯಗಳಿದ್ದವು. ದೇವರನ್ನು ಪ್ರೀತಿಸುವುದು, ನೆರೆಯವನನ್ನು ತನ್ನಂತೆಯೇ ಪ್ರೀತಿಸುವುದು ಎಂಬ ಎರಡು ಆಜ್ಞೆಗಳಿಗೆ ಅದರಲ್ಲಿ ಮುಖ್ಯಸ್ಥಾನವಿತ್ತು. ಅದ್ಭುತಕಾರ್ಯಗಳ ಕಥನಗಳು, ಯೇಸುವಿನ ಜೀವನದ ಐತಿಹಾಸಿಕ ಪ್ರಸಂಗಗಳು, ಪಂಥಗಳು ಕಾದಾಡಿದ ಸಿದ್ಧಾಂತದ ಭಾಗಗಳು ಬಹುಮಟ್ಟಿಗೆ ಇರಲಿಲ್ಲ. ಅವನ್ನು ಸುಳ್ಳೆಂದು ಅವರು ಕಿತ್ತುಹಾಕಿರಲಿಲ್ಲ. ಪವಾಡದ ಕಥೆಗಳು ಈ ದೇಶದ ಜನರಿಗೆ ಹೊಸವಲ್ಲ, ಇದಕ್ಕಿಂತ ಬೆರಗಿನ ಕಥೆಗಳನ್ನು ಅವರು ಪುರಾಣಗಳಲ್ಲಿ ಕೇಳಿದ್ದಾರೆ. ಮನುಷ್ಯನನ್ನು ಒಳ್ಳೆಯವನನ್ನಾಗಿಸುವುದು ಬೋಧೆ ಎಂಬುದು ಅವರ ವಾದವಾಗಿತ್ತು.

ಪಾದ್ರಿಗಳು ಸಂತೋಷಪಟ್ಟಾರು ಎಂದು ನಮಗೆ ತೋರಬಹುದು. ನಡೆದದ್ದು ತದ್ವಿರುದ್ಧ. ಕಲ್ಕತ್ತೆಯ ಸಮೀಪದ ಶ್ರೀರಾಂಪುರದಲ್ಲಿ ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಎಂಬ ಮೂವರು ಬ್ಯಾಪ್ಟಿಸ್ಟ್ ಪಾದ್ರಿಗಳು ದೊಡ್ಡ ಮುದ್ರಣಾಲಯವನ್ನು ಕಟ್ಟಿ ಹಲವು ಭಾರತೀಯ ಭಾಷೆಗಳಲ್ಲಿ ಬೈಬಲ್ಲನ್ನು ಅಚ್ಚು ಹಾಕುತ್ತಿದ್ದರು. ಕನ್ನಡಿಗರಾದ ನಾವೂ ಆ ಊರನ್ನು ನೆನೆಯಬೇಕು. ಇಂಗ್ಲಿಷಿನಲ್ಲಿ ಕೇರಿಯವರು ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಅಲ್ಲಿಯೇ. ಆ ತಂಡದ ಮಾರ್ಷ್‌ಮನ್ನರು ಫ್ರೆಂಡ್ ಆಫ್ ಇಂಡಿಯಾ ಪತ್ರಿಕೆಯಲ್ಲಿ ರಾಮಮೋಹನರ ಪುಸ್ತಕವನ್ನು ಖಂಡಿಸಿದರು. ಖಂಡನೆಯ ನಡುವೆ ಸಂಕಲನಕಾರರನ್ನು ಬುದ್ಧಿವಂತನಾದ ಅನ್ಯಮತೀಯನೆಂಬ ಅರ್ಥ ಬರುವಂತೆ ಕರೆದರು. ಏಕದೇವರನ್ನು ನಂಬಿ ಮನೆಮಂದಿಯನ್ನೇ ಎದುರು ಹಾಕಿಕೊಂಡಿದ್ದ ರಾಮಮೋಹನರಿಗೆ ಆ ಮಾತು ನೋವು ಕೊಟ್ಟಿತು.

ಮಾರ್ಷ್‌ಮನ್ನರನ್ನು ಸಂಕುಚಿತರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವರು ವಿದ್ವಾಂಸರು; ಇಡೀ ಬೈಬಲ್ಲನ್ನು ಚೀನೀ ಭಾಷೆಗೆ ತಂದವರು. ಅವರ ನಿಲುವಿಗೆ ತನ್ನದೇ ಆದ ಗಟ್ಟಿತನವಿತ್ತು. ಕ್ರಿ.ಶ. 325ರ ನೈಸಿಯಾ ಸಭೆಯಿಂದ ಬಹುಪಾಲು ಕ್ರೈಸ್ತ ಸಭೆಗಳು ಯೇಸುವನ್ನು ತಂದೆಯಾದ ದೇವರೊಡನೆ ಒಂದೇ ತತ್ತ್ವದವನೆಂದು ಒಪ್ಪಿಕೊಂಡು ಬಂದಿವೆ. ತಂದೆ, ಮಗ, ಪವಿತ್ರಾತ್ಮ ಮೂವರೂ ಸೇರಿ ಒಬ್ಬನೇ ದೇವರು ಎಂಬ ತ್ರಿತ್ವದ ನಂಬಿಕೆ ಅದರ ಮೇಲೆ ನಿಂತಿದೆ. ಮನುಷ್ಯನು ನೀತಿಯನ್ನು ತಿಳಿದ ಮಾತ್ರಕ್ಕೆ ಪಾಪದಿಂದ ಬಿಡುಗಡೆ ಹೊಂದುವುದಿಲ್ಲ, ಶಿಲುಬೆಯ ಮೇಲೆ ನಡೆದ ಬಲಿಯಿಂದಲೇ ಪಾಪಪರಿಹಾರ. ಬಲಿಯಾದವನು ದೇವರೇ ಆಗಿರದಿದ್ದರೆ ಆ ಬಲಿಗೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು ಎಂಬುದು ಮಾರ್ಷ್‌ಮನ್ನರ ಪ್ರಶ್ನೆ. ಬೋಧೆಯನ್ನು ಇಟ್ಟುಕೊಂಡು ಬೋಧಿಸಿದವನು ಯಾರೆಂಬುದನ್ನು ಬಿಟ್ಟರೆ ಉಳಿಯುವುದು ಧರ್ಮವಲ್ಲ, ನೀತಿಪಾಠ ಮಾತ್ರ ಎಂದು ಅವರಿಗೆ ತೋರಿತು. ಹಳೆಯ ಒಡಂಬಡಿಕೆಯಿಂದ ಹೊಸ ಒಡಂಬಡಿಕೆಯ ಕೊನೆಯವರೆಗೆ ಇಡೀ ಗ್ರಂಥ ಒಂದೇ ಹೆಣಿಗೆ, ಅದರಿಂದ ಒಂದು ಎಳೆಯನ್ನು ಎಳೆಯಬಾರದು ಎಂಬುದು ಅವರ ನಂಬಿಕೆ.

ರಾಮಮೋಹನರು ಮೂರು ಮನವಿಗಳಲ್ಲಿ ಉತ್ತರ ಕೊಟ್ಟರು. ಮೊದಲನೆಯದು 1820ರಲ್ಲಿ, ಎರಡನೆಯದು 1821ರಲ್ಲಿ, ಕೊನೆಯದು 1823ರಲ್ಲಿ ಬಂದವು. ಭಾಷಾಂತರವನ್ನು ನಂಬಿ ವಾದಿಸಲು ಅವರಿಗೆ ಮನಸ್ಸಾಗಲಿಲ್ಲ. ಮೂಲವನ್ನೇ ನೋಡಬೇಕೆಂದು ಹೀಬ್ರೂ ಮತ್ತು ಗ್ರೀಕ್ ಭಾಷೆಗಳಿಗೆ ಕೈಹಾಕಿದರು. ಆಗ ಅವರಿಗೆ ಸುಮಾರು ಐವತ್ತು ವರ್ಷ. ತಂದೆ ತನಗಿಂತ ದೊಡ್ಡವನೆಂದು ಯೇಸು ಹೇಳಿರುವುದನ್ನೂ ತನ್ನ ಅಧಿಕಾರ ತಂದೆಯಿಂದ ಬಂದುದೆಂದು ಒಪ್ಪಿರುವುದನ್ನೂ ಅವರು ಎತ್ತಿ ತೋರಿಸಿದರು. ತಾನೂ ತಂದೆಯೂ ಒಂದೆಂದು ಯೇಸು ಹೇಳುವ ಮಾತನ್ನು ಎದುರಾಳಿಗಳು ಮುಂದಿಟ್ಟಾಗ, ತನ್ನ ಶಿಷ್ಯರೂ ಹಾಗೆಯೇ ಒಂದಾಗಲೆಂದು ಅದೇ ಯೇಸು ಪ್ರಾರ್ಥಿಸಿದ್ದನ್ನು ನೆನಪಿಸಿದರು. ಶಿಷ್ಯರು ಒಂದಾಗುವುದೆಂದರೆ ಮನಸ್ಸು ಒಂದಾಗುವುದು; ಹಾಗಾದರೆ ತಂದೆಮಗನ ಐಕ್ಯವೂ ಇಚ್ಛೆಯ ಐಕ್ಯವೇ ಹೊರತು ತತ್ತ್ವದ ಐಕ್ಯವಲ್ಲ ಎಂದು ವಾದಿಸಿದರು. ಹಲವು ದೇವರನ್ನು ಬಿಟ್ಟು ಬಂದ ತಾವು ಮೂರು ವ್ಯಕ್ತಿಗಳಲ್ಲಿ ಹಂಚಿಕೊಂಡ ದೇವರನ್ನು ಒಪ್ಪಲಾರೆವೆಂಬುದು ಅವರ ತೀರ್ಮಾನ. ಆದರೂ ಯೇಸುವಿನ ಬಗ್ಗೆ ಅವರ ಗೌರವ ಕಡಿಮೆಯಾಗಲಿಲ್ಲ. ತಮಗೆ ಗೊತ್ತಿದ್ದ ನೀತಿಬೋಧೆಗಳಲ್ಲೆಲ್ಲ ಆತನದೇ ಮನುಷ್ಯರಿಗೆ ಹೆಚ್ಚು ಒಗ್ಗುವಂಥದು ಎಂದು ಅವರು ಕೊನೆಯವರೆಗೂ ನಂಬಿದ್ದರು.

ಮೊದಲ ಎರಡು ಮನವಿಗಳನ್ನು ಅಚ್ಚು ಹಾಕಿಕೊಟ್ಟಿದ್ದ ಬ್ಯಾಪ್ಟಿಸ್ಟ್ ಮಿಷನ್ ಮುದ್ರಣಾಲಯವು ಮೂರನೆಯದನ್ನು ಅಚ್ಚು ಹಾಕಲು ಒಪ್ಪಲಿಲ್ಲ. ರಾಮಮೋಹನರು ಸ್ವಂತ ಹಣದಿಂದ ಧರ್ಮತಲಾದಲ್ಲಿ ಅಚ್ಚುಕೂಟವನ್ನು ತೆರೆದು ಅದನ್ನು ಹೊರತಂದರು.

ಒಂದು ಪ್ರತ್ಯಯದ ಜಗಳ

ಈ ವಾದದ ನಡುವೆ ನಡೆದ ಒಂದು ಪ್ರಸಂಗವು ಭಾಷೆ ಕಲಿಸುವ ನಮಗೆ ಬಹಳ ಹಿಡಿಸುತ್ತದೆ. ವಿಲಿಯಂ ಯೇಟ್ಸ್ ಮತ್ತು ವಿಲಿಯಂ ಆಡಮ್ ಎಂಬ ಇಬ್ಬರು ಬ್ಯಾಪ್ಟಿಸ್ಟ್ ಪಾದ್ರಿಗಳು ಸುವಾರ್ತೆಗಳನ್ನು ಬಂಗಾಳಿಗೆ ಮತ್ತೆ ತರುವ ಕೆಲಸದಲ್ಲಿ ರಾಮಮೋಹನರ ನೆರವು ಪಡೆದರು. ಬಂಗಾಳಿಯನ್ನು ಅವರಷ್ಟು ಬಲ್ಲವರು ಆ ವಲಯದಲ್ಲಿ ಇರಲಿಲ್ಲ. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದ ಮೂರನೆಯ ವಚನಕ್ಕೆ ಬಂದಾಗ ಕೆಲಸ ನಿಂತಿತು. ಸೃಷ್ಟಿಯಾದುದೆಲ್ಲವೂ ವಾಕ್ಯವೆಂಬಾತನಿಗೆ ಸಂಬಂಧಿಸಿ ಹೇಗೆ ಉಂಟಾಯಿತು ಎಂದು ಹೇಳುವ ವಚನ ಅದು. ಅಲ್ಲಿನ ಗ್ರೀಕ್ ಪದ ದಿಯಾ. ಅದನ್ನು ಆತನಿಂದ ಎನ್ನಬೇಕೇ, ಆತನ ಮೂಲಕ ಎನ್ನಬೇಕೇ?

ನಮ್ಮ ಮಕ್ಕಳಿಗೆ ತೃತೀಯಾ ವಿಭಕ್ತಿಯನ್ನು ಕಲಿಸುವಾಗ ಇಂದ ಎಂಬ ಪ್ರತ್ಯಯವನ್ನು ಹೇಳಿಕೊಡುತ್ತೇವೆ. ಕುಂಬಾರನಿಂದ ಮಡಕೆಯಾಯಿತು ಎನ್ನುತ್ತೇವೆ, ತಿಗರಿಯಿಂದ ಮಡಕೆಯಾಯಿತು ಎಂದೂ ಎನ್ನುತ್ತೇವೆ. ಪ್ರತ್ಯಯ ಒಂದೇ, ಆದರೆ ಕುಂಬಾರನು ಕರ್ತೃ, ತಿಗರಿ ಕರಣ. ಮೂಲಕ ಎಂದ ಕೂಡಲೇ ಹಿಂದೆ ಇನ್ನೊಬ್ಬ ಕರ್ತೃವಿದ್ದಾನೆ ಎಂಬ ಅರ್ಥ ಬರುತ್ತದೆ. ಆತನಿಂದ ಎಂದರೆ ಯೇಸುವೇ ಸೃಷ್ಟಿಕರ್ತ ಎಂದಾಗಬಹುದು. ಆತನ ಮೂಲಕ ಎಂದರೆ ಸೃಷ್ಟಿಕರ್ತನು ತಂದೆ, ಯೇಸು ಆತನ ಸಾಧನ ಎಂದಾಗಬಹುದು. ಹದಿನೈದು ಶತಮಾನಗಳ ಜಗಳ ಒಂದು ಪ್ರತ್ಯಯದ ಮೇಲೆ ಬಂದು ನಿಂತಿತ್ತು.

ಮೂಲಕ ಎಂಬುದೇ ಸರಿ ಎಂದು ಮೊದಲು ಒಪ್ಪಿಗೆಯಾಯಿತು. ಅನಂತರ ಯೇಟ್ಸರಿಗೆ ಅಳುಕು ಹುಟ್ಟಿತು. ನೈಸಿಯಾ ಸಭೆ ತಿರಸ್ಕರಿಸಿದ್ದ ಏರಿಯಸ್‌ನ ಮತಕ್ಕೆ ಈ ಪದ ಬಾಗಿಲು ತೆರೆಯುತ್ತದೆಂದು ಅವರು ಹಿಂದೆ ಸರಿದರು. ಇಬ್ಬರು ಪಾದ್ರಿಗಳು ವಾದಿಸುತ್ತಿದ್ದಾಗ ರಾಮಮೋಹನರು ಲೇಖನಿ ಹಿಡಿದು ಮಾತಿಲ್ಲದೆ ಕೇಳುತ್ತ ಕುಳಿತಿದ್ದರೆಂದು ಆಡಮ್ ಮುಂದೆ ನೆನೆದಿದ್ದಾರೆ. ಯೇಟ್ಸ್ ಹೊರಟುಹೋದರು. ಆಡಮ್ ಗ್ರೀಕ್ ಪದದ ಬೆನ್ನುಹತ್ತಿ, ಕೊನೆಗೆ ತ್ರಿತ್ವದ ನಂಬಿಕೆಯನ್ನೇ ಬಿಟ್ಟರು. 1821ರಲ್ಲಿ ಇದು ಬಹಿರಂಗವಾದಾಗ ಕಲ್ಕತ್ತೆಯ ಯುರೋಪಿಯನ್ನರಲ್ಲಿ ಗದ್ದಲವೆದ್ದಿತು. ಎರಡನೆಯ ಸಲ ಪತನಗೊಂಡ ಆದಾಮನೆಂದು ಅವರನ್ನು ಹಂಗಿಸಿದರು. ಹಿಂದೂವನ್ನು ಕ್ರೈಸ್ತನಾಗಿಸಲು ಬಂದ ಪಾದ್ರಿಯೇ ಹಿಂದೂವಿನ ಸಹವಾಸದಿಂದ ಮತ ಬದಲಿಸಿದ್ದು ಅವರಿಗೆ ನುಂಗಲಾರದ ತುತ್ತಾಗಿತ್ತು. ಅದೇ ವರ್ಷ ಆಡಮ್, ರಾಮಮೋಹನ, ದ್ವಾರಕಾನಾಥ ಠಾಕೂರ್ ಮೊದಲಾದವರು ಸೇರಿ ಏಕದೇವತಾವಾದಿ ಕ್ರೈಸ್ತರಾದ ಯೂನಿಟೇರಿಯನ್ನರ ಸಮಿತಿಯೊಂದನ್ನು ಕಲ್ಕತ್ತೆಯಲ್ಲಿ ಸ್ಥಾಪಿಸಿದರು.

ಇದೇ ವರ್ಷಗಳಲ್ಲಿ ನಮ್ಮ ಕಡೆಯೂ ಇಂಥ ಕೆಲಸ ನಡೆಯುತ್ತಿತ್ತು. 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತರುವುದರಲ್ಲಿ ತೊಡಗಿದ್ದರು. ಇಂದು ಆಂಧ್ರದಲ್ಲಿರುವ ಆದೋನಿ, ರಾಯದುರ್ಗಗಳು 1953ರವರೆಗೆ ಬಳ್ಳಾರಿ ಜಿಲ್ಲೆಯವೇ ಎಂಬುದನ್ನು ಅಲ್ಲಿಯ ಓದುಗರಿಗೆ ನಾವು ಹೇಳಬೇಕಾಗಿಲ್ಲ.

ಎರಡೂ ಕಡೆಗೆ ಬೇಡವಾದವರು

ಯೇಸುವನ್ನು ಇಷ್ಟು ಮೆಚ್ಚಿದವರು ಕ್ರೈಸ್ತರಾಗಲಿಲ್ಲವೇಕೆ ಎಂದು ಮಕ್ಕಳು ಕೇಳುತ್ತಾರೆ. ಕಲ್ಕತ್ತೆಯ ಬಿಷಪ್ ಮಿಡ್ಲ್‌ಟನ್ನರಿಗೂ ಇದೇ ನಿರೀಕ್ಷೆಯಿತ್ತು. ಮತಾಂತರವಾದರೆ ಇಂಗ್ಲೆಂಡಿನಲ್ಲೂ ಭಾರತದಲ್ಲೂ ದೊಡ್ಡ ಹೆಸರು ಬರುತ್ತದೆಂದು ಬಿಷಪ್ಪರು ಸೂಚಿಸಿದಾಗ ರಾಮಮೋಹನರು ನೊಂದು, ಮತ್ತೆ ಅವರ ಮನೆಗೆ ಕಾಲಿಡಲಿಲ್ಲವೆಂದು ಆಡಮ್ ತಿಳಿಸಿದ್ದಾರೆ. ಸತ್ಯದ ವಿಚಾರದಲ್ಲಿ ಆಮಿಷದ ಮಾತು ಬಂದದ್ದೇ ಅವರಿಗೆ ಅವಮಾನವಾಗಿತ್ತು. ಪಾದ್ರಿಗಳ ಪತ್ರಿಕೆಯಲ್ಲಿ ವೇದಾಂತದ ಮೇಲೆ ಟೀಕೆ ಬಂದಾಗ 1821ರಲ್ಲಿ ಬೇರೆ ಹೆಸರಿನಲ್ಲಿ ಪತ್ರಿಕೆಯನ್ನೇ ಹೊರಡಿಸಿ, ತಾವು ಟೀಕಿಸುತ್ತಿದ್ದ ಅದೇ ಹಿಂದೂ ಸಮಾಜದ ಶಾಸ್ತ್ರವನ್ನು ಸಮರ್ಥಿಸಿದವರೂ ಅವರೇ. ಪಂಡಿತರಿಗೆ ಅವರು ಧರ್ಮಭ್ರಷ್ಟರು, ಪಾದ್ರಿಗಳಿಗೆ ಹಾದಿ ಮುಟ್ಟದವರು.

1828ರ ಆಗಸ್ಟ್ 20ರಂದು ಬ್ರಹ್ಮ ಸಭೆ ಆರಂಭವಾಯಿತು. ಇದೇ ಮುಂದಿನ ಬ್ರಹ್ಮ ಸಮಾಜ. 1830ರ ನ್ಯಾಸಪತ್ರದಲ್ಲಿ ಆ ಮಂದಿರದೊಳಗೆ ವಿಗ್ರಹವಿರಬಾರದು ಎಂದು ಬರೆಸಿದರು. ಅದರ ಜೊತೆಗೇ, ಬೇರೆಯವರು ಪೂಜಿಸುವ ಯಾವುದನ್ನೂ ಅಲ್ಲಿ ಹೀಯಾಳಿಸಬಾರದು ಎಂದೂ ಬರೆಸಿದರು. 1829ರ ಡಿಸೆಂಬರ್ 4ರಂದು ಗವರ್ನರ್ ಜನರಲ್ ಬೆಂಟಿಂಕ್ ಸತಿ ನಿಷೇಧದ ಕಾಯಿದೆಯನ್ನು ಹೊರಡಿಸಿದ ಕಥೆ ಪಾಠದಲ್ಲಿಯೇ ಇರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಅದೇ 1830ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಡಫ್ ಕಲ್ಕತ್ತೆಯಲ್ಲಿ ಶಾಲೆ ತೆರೆಯಲು ಬಂದಾಗ, ಜಾಗವನ್ನು ಹುಡುಕಿಕೊಟ್ಟವರು, ಮೊದಲ ವಿದ್ಯಾರ್ಥಿಗಳನ್ನು ಕರೆತಂದವರು ರಾಮಮೋಹನರು. ಡಫ್ ತ್ರಿತ್ವವನ್ನು ನಂಬುವವರು, ಮತಾಂತರವನ್ನು ಬಯಸುವವರು. ಮೊದಲ ದಿನ ಹುಡುಗರ ಕೈಗೆ ಸುವಾರ್ತೆಯ ಪುಸ್ತಕ ಕೊಟ್ಟಾಗ ಗುಸುಗುಸು ಎದ್ದಿತು. ರಾಮಮೋಹನರು ಎದ್ದುನಿಂತು, ಕುರಾನನ್ನು ಓದಿ ತಾವು ಮುಸಲ್ಮಾನರಾಗಲಿಲ್ಲ, ಬೈಬಲ್ಲನ್ನು ಓದಿ ಕ್ರೈಸ್ತರಾಗಲಿಲ್ಲ, ಓದಿ ನೋಡಿ ನೀವೇ ನಿರ್ಣಯಿಸಿ ಎಂಬರ್ಥದ ಸಮಾಧಾನವನ್ನು ಹೇಳಿದರು. ಶಾಸ್ತ್ರದ ಸ್ಥಾನವೇನು ಎಂಬ ಪ್ರಶ್ನೆಗೆ ಅವರು ಕೊಟ್ಟ ಅತಿ ಸರಳ ಉತ್ತರ ಇದೇ ಎಂದು ನಾವು ತಿಳಿಯುತ್ತೇವೆ.

ನಮಗೆ ಒಗ್ಗದ ಒಂದು ಪತ್ರ

ಕನ್ನಡ ಮಾಧ್ಯಮದ ಪರವಾಗಿ ನಿಂತ ನಾವು ಒಂದು ವಿಷಯವನ್ನು ಮುಚ್ಚಿಡಬಾರದು. 1823ರ ಡಿಸೆಂಬರ್‌ನಲ್ಲಿ ರಾಮಮೋಹನರು ಗವರ್ನರ್ ಜನರಲ್ ಆಮ್ಹರ್ಸ್ಟರಿಗೆ ಪತ್ರ ಬರೆದು, ಸಂಸ್ಕೃತ ಕಾಲೇಜಿನ ಬದಲು ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಶರೀರರಚನಾಶಾಸ್ತ್ರಗಳನ್ನು ಕಲಿಸುವ, ಯುರೋಪಿನಲ್ಲಿ ಓದಿದ ಶಿಕ್ಷಕರಿರುವ ಕಾಲೇಜನ್ನು ಕೇಳಿದರು. ಈ ಪತ್ರವನ್ನು ತೋರಿಸಿ, ನೋಡಿ ಅವರೂ ಇಂಗ್ಲಿಷ್ ಬೇಕೆಂದವರು ಎನ್ನುವವರಿದ್ದಾರೆ. ಪತ್ರ ಇರುವುದು ನಿಜ. ಆದರೆ ಅವರು ಬೇಡವೆಂದದ್ದು ಮನೆಮಾತನ್ನಲ್ಲ, ಬದುಕಿಗೆ ಉಪಯೋಗವಿಲ್ಲದ ಹಳೆಯ ಕಲಿಕೆಯನ್ನು. ಅದೇ ಕಾಲದಲ್ಲಿ ಅವರು ಸಂಬಾದ್ ಕೌಮುದಿ ಎಂಬ ಬಂಗಾಳಿ ಪತ್ರಿಕೆಯ ಬೆನ್ನಿಗೆ ನಿಂತಿದ್ದರು. ಬಂಗಾಳಿ ಗದ್ಯಕ್ಕೆ ನಡೆ ಕಲಿಸುತ್ತಿದ್ದರು. ಅವರ ಬಂಗಾಳಿ ವ್ಯಾಕರಣ ಬಂಗಾಳಿಯಲ್ಲಿಯೇ 1833ರಲ್ಲಿ ಪ್ರಕಟವಾಯಿತು. ಜ್ಞಾನ ಎಲ್ಲಿಂದಲಾದರೂ ಬರಲಿ, ಜನರಿಗೆ ಮುಟ್ಟುವುದು ಅವರ ಮಾತಿನಲ್ಲಿಯೇ ಎಂಬುದನ್ನು ಅವರ ಕೆಲಸ ತೋರಿಸುತ್ತದೆ.

ಆ ವಾದವನ್ನು ಮುಂದಕ್ಕೆ ಒಯ್ದವರು ಗ್ರೀಕ್ ಪದದ ಬೆನ್ನುಹತ್ತಿದ ಅದೇ ವಿಲಿಯಂ ಆಡಮ್. 1835ರಿಂದ 1838ರ ನಡುವೆ ಸರಕಾರದ ಪರವಾಗಿ ಬಂಗಾಳ ಮತ್ತು ಬಿಹಾರದ ಊರೂರು ಶಾಲೆಗಳನ್ನು ಪರಿಶೀಲಿಸಿ ಮೂರು ವರದಿಗಳನ್ನು ಬರೆದರು. ಆ ಸೀಮೆಯಲ್ಲಿ ಸುಮಾರು 1,00,000 ಹಳ್ಳಿಶಾಲೆಗಳಿವೆಯೆಂಬ ಅವರ ಅಂದಾಜಿನ ಬಗ್ಗೆ ಇಂದಿಗೂ ಚರ್ಚೆ ನಡೆಯುತ್ತದೆ. ಇರುವ ಆ ಶಾಲೆಗಳನ್ನೇ ಬಲಪಡಿಸಿ, ಜನರ ಭಾಷೆಯಲ್ಲಿಯೇ ಪುಸ್ತಕ ಮಾಡಿ, ಶಿಕ್ಷಕರನ್ನು ತಯಾರು ಮಾಡಬೇಕೆಂಬುದು ಅವರ ಶಿಫಾರಸು. ಮೆಕಾಲೆಯ ಟಿಪ್ಪಣಿ ಗೆದ್ದ ಕಾಲ ಅದು. ಸರಕಾರ ಆಡಮರ ಶಿಫಾರಸನ್ನು ಬದಿಗಿರಿಸಿತು. ಬದಿಗಿರಿಸಿದ ಆ ಕಡತದ ಫಲವನ್ನು ನಾವು ಇನ್ನೂ ಉಣ್ಣುತ್ತಿದ್ದೇವೆ.

ಬ್ರಿಸ್ಟಲ್‌ನಲ್ಲಿ ಕೊನೆ

1830ರ ನವೆಂಬರ್‌ನಲ್ಲಿ ಬಾದಶಹನ ಪ್ರತಿನಿಧಿಯಾಗಿ ಹಡಗು ಹತ್ತಿದ ರಾಮಮೋಹನರು 1831ರ ಏಪ್ರಿಲ್‌ನಲ್ಲಿ ಲಿವರ್‌ಪೂಲ್ ತಲುಪಿದರು. ಅಲ್ಲಿನ ಯೂನಿಟೇರಿಯನ್ನರು ಅವರನ್ನು ಆದರದಿಂದ ಬರಮಾಡಿಕೊಂಡರು. ಅವರ ಪುಸ್ತಕ ಲಂಡನ್ನಿನಲ್ಲಿ ಅದಾಗಲೇ ಮರುಮುದ್ರಣವಾಗಿತ್ತು. 1833ರ ಸೆಪ್ಟೆಂಬರ್‌ನಲ್ಲಿ ಬ್ರಿಸ್ಟಲ್‌ನ ಸ್ನೇಹಿತರ ಬಳಿಗೆ ಹೋದವರು ಜ್ವರದಿಂದ ಮಲಗಿ, 27ರಂದು ತೀರಿಕೊಂಡರು. ಅವರ ಮೈಮೇಲೆ ಜನಿವಾರವಿತ್ತು. ತಂಗಿದ್ದ ಮನೆಯ ತೋಟದಲ್ಲಿ ಯಾವ ಮತದ ಮಂತ್ರಪ್ರಾರ್ಥನೆಯೂ ಇಲ್ಲದೆ ಮೌನದಲ್ಲಿ ಅವರನ್ನು ಸಮಾಧಿ ಮಾಡಿದರು. ಹತ್ತು ವರ್ಷಗಳ ಬಳಿಕ ದ್ವಾರಕಾನಾಥ ಠಾಕೂರರು ಆರ್ನೋಸ್ ವೇಲ್ ಸ್ಮಶಾನದಲ್ಲಿ ಬಂಗಾಳದ ಮಾದರಿಯ ಮಂಟಪ ಕಟ್ಟಿಸಿ ಅವರನ್ನು ಅಲ್ಲಿಗೆ ಸಾಗಿಸಿದರು.

ಯೇಸು ದೇವರೇ ಎಂಬ ಪ್ರಶ್ನೆಗೆ ನಮ್ಮ ಓದುಗರ ಮನೆಗಳಲ್ಲಿ ಬೇರೆಬೇರೆ ಉತ್ತರಗಳಿವೆ. ಮಾರ್ಷ್‌ಮನ್ನರ ಉತ್ತರವನ್ನು ನಂಬಿ ಬಾಳುವ ಕ್ರೈಸ್ತ ಕುಟುಂಬಗಳು ನಮ್ಮ ನಡುವೆ ಇವೆ. ಅದನ್ನು ತೀರ್ಮಾನಿಸುವುದು ಶಿಕ್ಷಕರಾದ ನಮ್ಮ ಕೆಲಸವಲ್ಲ. ನಮ್ಮ ಕೆಲಸ ಓದಲು ಕಲಿಸುವುದು. ಮುಂದಿನ ಸಲ ಮಗು ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡುತ್ತ, ಇದೆಲ್ಲ ಏತಕ್ಕೆ ಎಂದು ಬೇಸರಪಟ್ಟರೆ ತಾಯಂದಿರು, ತಂದೆಯರು ಈ ಕಥೆಯನ್ನು ಹೇಳಲಿ. ಇಂದ ಮತ್ತು ಮೂಲಕಗಳ ನಡುವಿನ ವ್ಯತ್ಯಾಸವನ್ನು ಅರಿಯಲು ಐವತ್ತರ ವಯಸ್ಸಿನಲ್ಲಿ ಎರಡು ಭಾಷೆ ಕಲಿಯಲು ಕುಳಿತವರೊಬ್ಬರು ನಮ್ಮ ದೇಶದಲ್ಲಿದ್ದರು ಎಂದು ಹೇಳಲಿ.